ನೆಂಟರ ಸೋಪು

ಆ ಭಾನುವಾರ ಬೆಳಿಗ್ಗೆ ಚನ್ನಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಸೀಮೆಎಣ್ಣೆ ಸ್ಟೌ ಸರಿಯಾಗಿ ಹತ್ತುತ್ತಿರಲಿಲ್ಲ. ತಂಗಿ ಬಾಣಂತನಕ್ಕೆ ಬಂದಿದ್ದಳು. ಅವಳ ಕೂಸಿಗೆ ಹದಿನೆಂಟು ದಿನ. ನನ್ನ ಗಂಡ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು, ಸೈಕ್ಲೋಸ್ಟೈಲ್ ಮಾಡಿಸಿದ್ದ ಪ್ರಶ್ನೆಗಳ ಹಾಳೆಗಳನ್ನು ಜೋಡಿಸುತ್ತಿದ್ದರು.

"ಏನೇ, ಉಪ್ಪಿಟ್ಟು ಇವತ್ತೇ ಆಗ್ತೈತೋ, ನಾಳೆ ಬರ್ಲೋ?"

"ಅದನ್ನೂ ನಿಮ್ಮ ಹಾಳ್ಯಾಗೆ ಒಂದು ಪ್ರಶ್ನೆ ಮಾಡ್ರಿ. ಒಲೆ ಹತ್ತದಿದ್ರೆ ಹೆಂಡ್ತಿ ಏನು ಮಾಡ್ತಾಳೆ ಅಂತ."

"ಬೈತಾಳೆ. ಅದನ್ನು ತಿಳಿಯಾಕೆ ಸರ್ವೇ ಯಾಕೆ ಬೇಕು?"

ತಂಗಿ ಒಳಕೋಣೆಯಿಂದಲೇ ನಕ್ಕಳು. ಅವರು ತಿಂದು, ಚೀಲ ಹೆಗಲಿಗೆ ಹಾಕಿಕೊಂಡು ದಾವಣಗೆರೆ ಬಸ್ಸಿಗೆ ಹೊರಟರು. ಅಲ್ಲಿಂದ ಜಗಳೂರು ಬಸ್ಸು ಹಿಡಿಯಬೇಕಿತ್ತು. ಬಾಗಿಲಲ್ಲಿ ನಿಂತು, "ನೀನಿಲ್ದೆ ಹೋದ್ರೆ ಹೆಣ್ಮಕ್ಳು ನನ್ ಕೂಡೆ ಮಾತಾಡ್ತಾರೋ ಇಲ್ವೋ" ಎಂದರು. "ಆಡ್ತಾರೆ ಹೋಗ್ರಿ" ಎಂದೆ. ಕೈಯಲ್ಲಿ ಕೂಸಿನ ಒದ್ದೆ ಬಟ್ಟೆ ಇತ್ತು. ಅವರ ಮುಖ ನೋಡಲಿಲ್ಲ.

ಅವರು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ ಒಂದು ಪಾಠವಿತ್ತು, ಒಂದು ಸಂಸಾರ ರೆಫ್ರಿಜರೇಟರ್ ಕೊಳ್ಳುವಾಗ ಹೇಗೆ ಯೋಚಿಸುತ್ತದೆ ಎಂದು. ತರಗತಿಯಲ್ಲಿ ರೆಫ್ರಿಜರೇಟರ್ ನೋಡಿದವರು ಯಾರೂ ಇರಲಿಲ್ಲ, ಆದರೂ ಎಲ್ಲರೂ ಅದನ್ನು ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು. ಇದು ಅವರಿಗೆ ಸೇರುತ್ತಿರಲಿಲ್ಲ. "ನಿಮ್ಮವ್ವ ಅದೇ ಅಂಗಡಿಗೆ ಯಾಕೆ ಹೋಗ್ತಾಳೆ? ಕೇಳ್ಕಂಡು ಬರ್ರಿ" ಎಂದು ಹುಡುಗರನ್ನು ಮನೆಗೆ ಕಳಿಸುತ್ತಿದ್ದರು. ಒಮ್ಮೆ ಇಡೀ ತರಗತಿಯನ್ನು ಹೊನ್ನಾಳಿ ಸಂತೆಗೆ ಕರೆದುಕೊಂಡು ಹೋಗಿ, ಒಂದು ತಾಸು ಬಾಯಿಬಿಡದಂತೆ ಸೋಪಿನ ಅಂಗಡಿಗಳ ಮುಂದೆ ನಿಲ್ಲಿಸಿದ್ದರು. ಅಂದಿನಿಂದ ಊರಲ್ಲಿ ಅವರಿಗೆ ಸೋಪು ಮೇಷ್ಟ್ರು ಎಂದು ಹೆಸರಾಯಿತು.

ಅವರ ಪಿಎಚ್‌ಡಿಯೂ ಅದರದ್ದೇ. ನಮ್ಮ ಕಡೆಯ ಮನೆಗಳಲ್ಲಿ ಸೋಪು, ಚಹಾಪುಡಿ, ಹಲ್ಲುಪುಡಿ, ಕೊಬ್ಬರಿ ಎಣ್ಣೆಯನ್ನು ಯಾರು ಆರಿಸುತ್ತಾರೆ, ಯಾಕೆ ಅದನ್ನೇ ಆರಿಸುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನಾಲ್ಕು ಊರು, ಸುತ್ತಲಿನ ಕೆಲವು ಹಳ್ಳಿ. ಮುಗಿದ ಮೇಲೆ ಅದನ್ನೇ ಕನ್ನಡದಲ್ಲಿ ಸಣ್ಣ ಪಾಠಪುಸ್ತಕವಾಗಿ ಬರೆಯಬೇಕೆಂದಿದ್ದರು.

ಪರಗಂಡಸಿನ ಹತ್ತಿರ ಹೆಂಗಸರು ಮೈಸೋಪಿನ ಮಾತಾಡುವುದಿಲ್ಲ. ಅದಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರು ಜಗಲಿಯ ಮೇಲೆ ಗಂಡಸರ ಜೊತೆ ಕೂರುವರು, ನಾನು ಒಳಗೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೆಂಗಸರ ಹಾಳೆಗಳೆಲ್ಲ ನನ್ನ ಕೈಬರಹದವು. ರಜೆಗಳಲ್ಲಿ ತಿರುಗಿ ಎರಡು ವರ್ಷದಲ್ಲಿ ನಾಲ್ಕೂ ಊರು ಮುಗಿಸಿದೆವು. ಹೆಚ್ಚಿನ ಮನೆಗಳಲ್ಲಿ ಒಳ್ಳೆಯ ವಾಸನೆಯ ದುಬಾರಿ ಸೋಪಿನ ಹೆಸರೇ ಬಂತು. ಅವರಿಗೆ ಆಶ್ಚರ್ಯವಾಗಿತ್ತು. ಬರೆಯಲು ಶುರು ಮಾಡಿದ್ದರು.

ಆಮೇಲೆ ಒಂದು ದಿನ, ಅರ್ಧಕ್ಕೆ ಬಿಟ್ಟಿದ್ದ ಒಂದು ಹಾಳೆ ತುಂಬಿಸಲು ನ್ಯಾಮತಿಗೆ ಹೋಗಿದ್ದೆವು. ಆ ಮನೆಯ ಅಜ್ಜಿ ಹಿಂದಿನ ಸಲ ಗುಲಾಬಿ ಬಣ್ಣದ ಸೋಪು ಹೇಳಿದ್ದರು. ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಒಂದು ಬಟ್ಟಲಲ್ಲಿ ಸೀಗೇಪುಡಿ, ಪಕ್ಕದಲ್ಲಿ ಬಟ್ಟೆಸೋಪಿನ ಚೂರು, ಅದರ ಮೇಲೆ ಅಂಟಿದ ಕೂದಲು. ಬಂದು ಕೇಳಿದೆ.

"ಅಜ್ಜಿ, ಆ ಗುಲಾಬಿ ಸೋಪು ಎಲ್ಲೈತೆ?"

"ಗೋಡೆ ಮಾಡದಾಗೈತೆ. ಕಾಗ್ದ ಬಿಚ್ಚಿಲ್ಲ. ಅದು ನೆಂಟ್ರಿಗೆ ಕಣವ್ವ."

"ಮತ್ತೆ ಅವತ್ತು ಹಂಗೆ ಹೇಳಿದ್ರಿ?"

"ನೀವೂ ನೆಂಟ್ರಂಗೆ ಬಂದ್ರಿ, ನೆಂಟ್ರ ಸೋಪೇ ಹೇಳ್ದೆ. ಮನೆಗೆ ಬಂದೋರ ಮುಂದೆ ಬಟ್ಟೆಸೋಪಿನಾಗೆ ಮೈ ತೊಳಿತೀವಿ ಅಂತ ಹೆಂಗೆ ಹೇಳಾಕೆ ಆಗ್ತೈತೆ? ಸೋಪು ಮೇಷ್ಟ್ರಿಗೆ ಅವಮಾನ ಆಗಲ್ವಾ?"

ಸೊಸೆಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಹೇಳಿದೆ. ಅವರು ನಗಲಿಲ್ಲ. ಬಸ್ಸಿನಲ್ಲಿ ಆ ಅಜ್ಜಿಯ ಹಾಳೆ ತೆಗೆದು ಸವಳಂಗ ದಾಟುವವರೆಗೂ ಓದುತ್ತಿದ್ದರು. ಆಮೇಲೆ, "ಹಂಗಾದ್ರೆ ನಾವು ಬರ್ಕಂಡಿದ್ದೆಲ್ಲ ಅವರ ಮರ್ಯಾದೆ. ಅವರ ಬಚ್ಚಲು ಅಲ್ಲ" ಎಂದರು. ಮನೆಗೆ ಬಂದು ಪ್ರಶ್ನೆಯನ್ನೇ ಬದಲಿಸಿದರು: ಇವತ್ತು ಬೆಳಿಗ್ಗೆ ಯಾವುದರಲ್ಲಿ ಮೈ ತೊಳೆದಿರಿ, ತೋರಿಸುತ್ತೀರಾ. ಅವರ ಗೈಡು, ಮೊದಲಿನದೇ ಸಾಕು, ಇನ್ನೊಮ್ಮೆ ತಿರುಗುವುದು ಬೇಡ ಎಂದಿದ್ದರು. ಇವರು ಕೇಳಲಿಲ್ಲ. ಮತ್ತೆ ಮೂರು ಊರು ಇಬ್ಬರೂ ತಿರುಗಿದೆವು. ಜಗಳೂರು ಉಳಿದಿತ್ತು. ಅಷ್ಟರಲ್ಲಿ ತಂಗಿಯ ಹೆರಿಗೆಯಾಯಿತು, ನಾನು ಮನೆ ಬಿಡುವಂತಿರಲಿಲ್ಲ.

ನಾನು ನ್ಯಾಮತಿಯ ಬಚ್ಚಲಿನ ವಿಷಯ ಹೇಳದೆ ಇದ್ದಿದ್ದರೆ ಅವರು ಆ ಭಾನುವಾರ ಮನೆಯಲ್ಲಿರುತ್ತಿದ್ದರು. ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ.

ಜಗಳೂರು ಕಡೆಯ ಬಿಳಿಚೋಡು ಹಳ್ಳಿಯಲ್ಲಿ, ಎರಡನೆಯ ಮನೆಯ ಜಗಲಿಯ ಮೇಲೆ, ಎದೆ ಹಿಡಿದುಕೊಂಡು ಒರಗಿದರಂತೆ. ಆ ಮನೆಯವರು ಲಾರಿ ನಿಲ್ಲಿಸಿ ದಾವಣಗೆರೆಗೆ ಸಾಗಿಸಿದರು. ದಾರಿಯಲ್ಲೇ ಹೋದರು. ಮಧ್ಯಾಹ್ನ ಕಾಲೇಜಿನ ಜವಾನ ಬಂದು, ನನಗೆ ಹೇಳಲಾರದೆ, ಪಕ್ಕದ ಮನೆಯವರಿಗೆ ಹೇಳಿದ. ಬಾಣಂತಿಯನ್ನೂ ಕೂಸನ್ನೂ ಆ ಪಕ್ಕದ ಮನೆಗೇ ಕಳಿಸಿ, ನಮ್ಮ ನಡುಮನೆ ತೆರವು ಮಾಡಿದರು. ಮಾರನೆಯ ದಿನ ಮಣ್ಣು ಮಾಡಿದರು. ಅವರ ಚೀಲ ನನ್ನ ಕೈಗೆ ಬಂತು. ಒಂದು ಹಾಳೆ ತುಂಬಿತ್ತು. ಇನ್ನೊಂದರಲ್ಲಿ ಊರಿನ ಹೆಸರು ಮಾತ್ರ.

ತಿಂಗಳು ಕಳೆದ ಮೇಲೆ ಗೈಡು ಬಂದರು. ಒಳ್ಳೆಯ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು, "ತಾಯಿ, ಮುಕ್ಕಾಲು ಭಾಗ ಬರೆದಿಟ್ಟಿದ್ದಾರೆ. ಜಗಳೂರಿನ ಹಳೇ ಹಾಳೆಗಳಿವೆಯಲ್ಲ, ಅವನ್ನೇ ಸೇರಿಸೋಣ. ಉಳಿದದ್ದನ್ನು ನಾನು ಬರೆಸ್ತೀನಿ. ಪೂರ್ತಿ ಇದ್ದರೆ ಡಿಗ್ರಿ ಕೊಡಿಸೋಕೆ ನೋಡಬಹುದು, ಅವರ ಹೆಸರಾದ್ರೂ ಉಳಿಯುತ್ತೆ" ಎಂದರು.

"ಆ ಹಾಳೆಗಳಲ್ಲಿರೋದು ಸುಳ್ಳು ಸಾರ್. ಬರ್ದಿದ್ದು ನಾನೇ."

"ಅದು ನಮಗಿಬ್ಬರಿಗೆ ಗೊತ್ತು. ನೋಡೋರಿಗೆ ಗೊತ್ತಾಗಲ್ಲ."

ಮೂರು ತಿಂಗಳು ಕೊಡಿ, ಜಗಳೂರಿಗೆ ನಾನೇ ಹೋಗುತ್ತೇನೆ ಎಂದೆ.

ಖಾಲಿ ಹಾಳೆಗಳನ್ನು ಅದೇ ಚೀಲದಲ್ಲಿಟ್ಟುಕೊಂಡು ಹೋದೆ. ಬಿಳಿಚೋಡಿನ ಆ ಮನೆಯ ಹೆಂಗಸು ನನ್ನನ್ನು ಕಂಡೊಡನೆ ಅತ್ತರು. ಮೇಷ್ಟ್ರು ಕೇಳಿದ ನೀರನ್ನು ತರುವಷ್ಟರಲ್ಲಿ ಹಿಂಗಾಯಿತು ಎಂದು ಮತ್ತೆ ಮತ್ತೆ ಹೇಳಿದರು. ಅಕ್ಕಪಕ್ಕದವರು ಸೇರಿದರು. ರೊಟ್ಟಿ ಬಡಿದು ಬಡಿಸಿದರು. ನಾನು ಪೆನ್ನು ತೆಗೆದೆ.

"ಯವ್ವಾ, ಇಂಥ ಹೊತ್ನಾಗೆ ನಿನ್ ಕೂಡೆ ಸೋಪಿನ ಮಾತೇನು?"

"ಅವರ ಕೆಲ್ಸ ಅಕ್ಕ. ಇದೊಂದು ಮುಗಿಸಬೇಕು."

"ಹಂಗಾದ್ರೆ ನಿಂಗೆ ಯಾವುದು ಬೇಕೋ ಅದನ್ನೇ ಬರ್ಕ. ನಾವು ಹ್ಞೂಂ ಅಂತೀವಿ. ಏನ್ರೇ, ಅಂತೀವಲ್ಲ?"

ಎಲ್ಲರೂ ಹ್ಞೂಂ ಎಂದರು. ಒಬ್ಬಳು, "ಮೇಷ್ಟ್ರಿಗೆ ಯಾವ ಸೋಪು ಇಷ್ಟ ಇತ್ತು ಹೇಳಕ್ಕ, ನಮ್ಮದೂ ಅದೇ ಅಂತ ಬರೆದುಬಿಡು" ಎಂದಳು. ಬಚ್ಚಲು ತೋರಿಸಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಜಗಳೂರು ಪೇಟೆಯಲ್ಲೂ ಹಾಗೇ ಆಯಿತು. ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಎರಡು ದಿನದಲ್ಲಿ ಹನ್ನೊಂದು ಮನೆ. ಎಲ್ಲ ಕಡೆ ಊಟ ಹಾಕಿದರು, ಕೇಳಿದ್ದಕ್ಕೆಲ್ಲ ಹೌದೆಂದರು. ಮೊದಲ ಸಲ ನೆಂಟರ ಮುಂದೆ ಮರ್ಯಾದೆಗೆ ಸುಳ್ಳು ಹೇಳಿದ್ದರು, ಈಗ ಕರುಣೆಯಿಂದ ಹೇಳುತ್ತಿದ್ದರು. ನಾನು ಒಂದಕ್ಷರವೂ ಬರೆಯಲಿಲ್ಲ.

ನನ್ನಿಂದ ಆಗಲಿಲ್ಲವೆಂದು ಗೈಡಿಗೆ ಕಾಗದ ಹಾಕಿದೆ. ಇರುವಷ್ಟನ್ನೇ ಟೈಪು ಮಾಡಿಸಿ ಬೈಂಡ್ ಹಾಕಿಸಿಕೊಟ್ಟರು. ಅಪೂರ್ಣವೆಂದು ಡಿಗ್ರಿ ಬರಲಿಲ್ಲ. ಕನ್ನಡದ ಪಾಠಪುಸ್ತಕವೂ ಆಗಲಿಲ್ಲ. ಬೈಂಡ್ ಮಾಡಿದ ಪ್ರತಿ ನನ್ನ ಟ್ರಂಕಿನಲ್ಲಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅದರಲ್ಲಿವೆ. ಜಗಳೂರಿನ ಅಧ್ಯಾಯ ಇಲ್ಲ.