ಕಾಮಗಾರಿ ತೃಪ್ತಿಕರವಾಗಿದೆ

ಚಪ್ಪಲಿಯೊಳಗೆ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಅಷ್ಟೇ. ಗಿರಿಜಕ್ಕ ನಿಂತರು. ಚಪ್ಪಲಿ ಕೊಡವಲು ಬಗ್ಗುತ್ತಾ ಆಸರೆಗೆಂದು ಬಲಗೈಯಲ್ಲಿ ಪಾರ್ಕಿನ ದೀಪದ ಕಂಬ ಹಿಡಿದುಕೊಂಡರು.

ಮತ್ತೆ ಬಿಡಲಿಲ್ಲ. ಬಿಡಲು ಆಗಲಿಲ್ಲ.

ಮಳೆ ಆಗಷ್ಟೇ ನಿಂತ ಬೆಳಗು. ದೀಪಗಳಿನ್ನೂ ಆರಿರಲಿಲ್ಲ. ಕಂಬದ ಬುಡದಲ್ಲಿ ನೀರು ನಿಂತಿತ್ತು. ನಾನು ನಾಲ್ಕು ಹೆಜ್ಜೆ ಹಿಂದಿದ್ದೆ. ಮೊದಲ ಕ್ಷಣ, ಏನೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ (ಹೇಳಲು ನಾಚಿಕೆ, ಆದರೂ ಹೇಳಬೇಕು). ಆಮೇಲೆ ಅವರ ಮುಖ ಕಂಡಿತು. ಎಳೆಯಲು ಓಡಿದೆ.

"ಮುಟ್ಟಬ್ಯಾಡ್ರೀ ಟೀಚರ್, ಕರೆಂಟ್ ಐತಿ" ಎಂದು ನನ್ನನ್ನು ಪಕ್ಕಕ್ಕೆ ನೂಕಿದವರು ನಿವೃತ್ತ ಬಸ್ ಡ್ರೈವರ್ ಹನುಮಂತಪ್ಪ. ತಾವು ಊರಿಕೊಂಡು ನಡೆಯುವ ಮರದ ಕೋಲಿನಿಂದ ಗಿರಿಜಕ್ಕನ ಮೊಣಕೈಗೆ ಬಲವಾಗಿ ಹೊಡೆದರು. ಎರಡನೇ ಏಟಿಗೆ ಕೈ ಬಿಟ್ಟಿತು.

ಜೀವ ಉಳಿಯಿತು. ಬಲಗೈಯ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು. ಗಿರಿಜಕ್ಕ ನಮ್ಮ ಬಡಾವಣೆಯ ಟೈಲರ್. ಕತ್ತರಿ ಹಿಡಿಯಲು ಯಾವ ಎರಡು ಬೆರಳು ಬೇಕೆಂದು ನಾನು ಬಿಡಿಸಿ ಹೇಳಬೇಕೆ?

ಈ ಪಾರ್ಕು ಬಂದ ಕಥೆಯನ್ನೂ ಹೇಳಿಬಿಡುತ್ತೇನೆ. ಶಿಕಾರಿಪುರದ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದಿತ್ತು. ಮನೆ ಕಟ್ಟಿದವರ ಒಡೆದ ಇಟ್ಟಿಗೆಯೆಲ್ಲ ಅಲ್ಲಿಗೇ. ಶುಗರ್ ಇದ್ದವರು, ಮಂಡಿನೋವಿನವರು ದೊಡ್ಡ ರಸ್ತೆಯ ಬದಿಯಲ್ಲೇ ವಾಕಿಂಗ್ ಹೋಗಬೇಕಿತ್ತು. ಒಂದು ಬೆಳಗ್ಗೆ ಲಾರಿಯೊಂದು ಗಿರಿಜಕ್ಕನ ಸೆರಗು ಸವರಿಕೊಂಡು ಹೋಯಿತು.

ಅದೇ ವಾರ ಸುದ್ದಿ ಬಂತು. ನಿವಾಸಿಗಳೇ ಸಮಿತಿ ಮಾಡಿಕೊಂಡು ಅರ್ಜಿ ಹಾಕಿದರೆ ಪಾರ್ಕಿಗೆ ಅನುದಾನ ಸಿಗುತ್ತದಂತೆ. ಅರ್ಜಿ ಬರೆಯುವವರು ಯಾರು? ಕನ್ನಡ ಟೀಚರ್, ಪೇಪರಿಗೆ ಬೇರೆ ಬರೆಯುತ್ತಾರೆ, ಅವರನ್ನೇ ಕಾರ್ಯದರ್ಶಿ ಮಾಡಿ ಎಂದರು. ಬರೆದೆ. ಸೆರಗಿನ ಪ್ರಸಂಗವನ್ನೂ ಸೇರಿಸಿದೆ. ಹೆಸರು ಹಾಕಲೇ ಎಂದು ಕೇಳಿದಾಗ ಗಿರಿಜಕ್ಕ ನಕ್ಕು, ಧಾರಾಳವಾಗಿ ಹಾಕಿ, ನನ್ನ ಹೆಸರಲ್ಲಿ ಒಂದು ಪಾರ್ಕಾದರೂ ಆಗಲಿ ಎಂದಿದ್ದರು.

ಅನುದಾನ ಬಂತು. ಟೈಲ್ಸ್ ಹಾಕಿದ ದಾರಿ, ಕಲ್ಲುಬೆಂಚು, ಸಾಲಾಗಿ ದೀಪದ ಕಂಬಗಳು. ನಿಯಮದ ಪ್ರಕಾರ ಕೆಲಸ ಮುಗಿದ ಮೇಲೆ ಸಮಿತಿಯವರು ನೋಡಿ ಬರೆದುಕೊಡಬೇಕು. ಒಳ್ಳೆಯ ನಿಯಮ, ಅಲ್ಲವೇ? ಬಳಸುವವರೇ ಪರೀಕ್ಷೆ ಮಾಡಲಿ ಎಂದು ಯಾರೋ ಯೋಚಿಸಿ ಮಾಡಿದ್ದು.

ಗುತ್ತಿಗೆದಾರರ ಕಡೆಯವನೊಬ್ಬ ಸ್ಕೂಟರಿನಲ್ಲಿ ಬಂದಾಗ ನಾನು ಶಾಲೆಗೆ ಹೊರಟು ಗೇಟು ಹಾಕುತ್ತಿದ್ದೆ. "ಅಧ್ಯಕ್ಷರದ್ದು ಆಗೇತ್ರೀ ಟೀಚರ್, ನಿಮ್ದೊಂದು ಸೈನ್ ಬಾಕಿ" ಎಂದ. 'ಸಮಿತಿಯು ಸ್ಥಳ ಪರಿಶೀಲಿಸಿದ್ದು, ಕಾಮಗಾರಿ ತ್ರುಪ್ತಿಕರವಾಗಿದೆ' ಎಂದಿತ್ತು. ಪಾರ್ಕು ಅಲ್ಲಿಂದ ಎರಡು ನಿಮಿಷದ ದಾರಿ. ನಾನು ಹೋಗಲಿಲ್ಲ. ಕಾಗುಣಿತ ತಿದ್ದಿ 'ತೃಪ್ತಿಕರ' ಎಂದು ಮಾಡಿ, ಸ್ಕೂಟರಿನ ಸೀಟಿನ ಮೇಲಿಟ್ಟು ಸಹಿ ಹಾಕಿದೆ.

ಅವಘಡದ ದಿನ ಲೈನ್‌ಮನ್ ಬಂದು ಆ ಕಂಬದ ಬುಡ ನೋಡಿದರು. ವೈರ್ ಜೋಡಿಸುವ ಕಿಂಡಿಗೆ ಮುಚ್ಚಳವೇ ಇರಲಿಲ್ಲ. ಪ್ಲಾಸ್ಟಿಕ್ ಚೀಲ ಸುತ್ತಿದ್ದರು. ಒಳಗೆ ಹೊದಿಕೆ ಸುಲಿದ ತಂತಿ ಕಂಬದ ಕಬ್ಬಿಣಕ್ಕೆ ತಾಗಿತ್ತು. ಅರ್ಥಿಂಗ್ ಕೊಟ್ಟಿರಲಿಲ್ಲ. ಅರ್ಥಿಂಗ್ ನನಗೆ ತಿಳಿಯುವ ವಿಷಯವಲ್ಲ, ಒಪ್ಪಿದೆ. ಆದರೆ ಪ್ಲಾಸ್ಟಿಕ್ ಚೀಲ? ಅದು ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಗುತ್ತಿಗೆದಾರರು ಮಳೆಯನ್ನು ದೂರಿದರು. ಅನುದಾನ ಕೊಟ್ಟ ಕಚೇರಿಗೆ ಕೇಳಲು ಹೋದಾಗ ಫೈಲು ತೆಗೆದು ಆ ಕಾಗದ ತೋರಿಸಿದರು. ನಿವಾಸಿಗಳೇ ಬರೆದುಕೊಟ್ಟಿದ್ದಾರಲ್ಲ ಮೇಡಂ, ನಾವೇನು ಮಾಡೋಣ ಎಂದರು. ನನ್ನ ಅಕ್ಷರ ನನಗೇ ಗುರುತು ಸಿಕ್ಕಿತು.

ಗಿರಿಜಕ್ಕ ಆಸ್ಪತ್ರೆಯಿಂದ ಸೊರಬದ ಕಡೆಯ ಉಳವಿಗೆ, ತಮ್ಮನ ಮನೆಗೆ ಹೋಗಿದ್ದರು. ಬಸ್ಸು ಬದಲಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದವರನ್ನು ಕಂಡಾಗ ಒಂದೂ ನೆನಪಾಗಲಿಲ್ಲ. ಸಹಿಯ ವಿಷಯ ಹೇಳಿದೆ. ನೋಡದೆ ಹಾಕಿದ್ದು ಎಂದೂ ಹೇಳಿದೆ.

ಅವರು ಹೇಳಿದರು, ಬೈಯುವ ದನಿಯಲ್ಲೂ ಅಲ್ಲ: "ನಾನು ಒಂದು ಬ್ಲೌಸ್ ಕೊಡೋಕೆ ಮುಂಚೆ ಒಳಗೆ-ಹೊರಗೆ ತಿರುಗ್ಸಿ ಹೊಲಿಗೆ ನೋಡ್ತಿದ್ದೆ ಟೀಚರ್. ಬರೀ ಬ್ಲೌಸು ಅದು."

ಹೊರಡುವಾಗ ಅಂಗಡಿಯ ಬೀಗದ ಕೈ ಕೊಟ್ಟು, ಹೊಲಿಯಲು ಬಂದ ಬಟ್ಟೆಗಳನ್ನು ಅವರವರಿಗೆ ಮುಟ್ಟಿಸಿ ಎಂದರು. ಒಂದು ಭಾನುವಾರ ಪೂರ್ತಿ ಮನೆಮನೆ ತಿರುಗಿ ಕೊಟ್ಟು ಬಂದೆ. ಕೆಲವನ್ನು ಕತ್ತರಿಸಿಟ್ಟಿದ್ದರು, ಸೀಮೆಸುಣ್ಣದ ಗೆರೆ ಹಾಗೇ ಇತ್ತು. ಇನ್ನೊಬ್ಬ ಟೈಲರ್ ಹತ್ತಿರ ಕೊಡೋಣವೆಂದರೆ ಅಳತೆ ಇವರದ್ದು, ಹೇಗಪ್ಪಾ ಎಂದು ಒಬ್ಬರು ಬೇಸರಪಟ್ಟರು.

ಸ್ಥಳ ನೋಡದೆ ಸಹಿ ಹಾಕಿದ್ದೇನೆ ಎಂದು ಪೊಲೀಸರಿಗೆ ಬರೆದುಕೊಟ್ಟೆ. ಮಾರನೇ ದಿನವೇ ಸಮಿತಿಯ ಅಧ್ಯಕ್ಷರು ಮನೆಗೆ ಬಂದು, "ನೀವೊಬ್ರೇ ಸತ್ಯವಂತ್ರೇನ್ರೀ? ನಮ್ಮನ್ನೂ ಸಿಕ್ಕಿಸಿಬಿಟ್ರಲ್ಲ" ಎಂದರು. ಕೂರಲೂ ಇಲ್ಲ. ಈಗ ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ವಿಚಾರಣೆ ನಡೆಯುತ್ತಿದೆ, ಅಂದರೆ ಫೈಲು ಎಲ್ಲೋ ಇದೆ. ಪಾರ್ಕಿಗೆ ಬೀಗ. ಹೆಂಗಸರೆಲ್ಲ ಮತ್ತೆ ಲಾರಿಗಳ ಪಕ್ಕದಲ್ಲೇ ನಡೆಯುತ್ತಿದ್ದಾರೆ. ಗಿರಿಜಕ್ಕ ಊರಿಗೆ ವಾಪಸು ಬಂದಿದ್ದಾರೆ, ಮನೆಯಿಂದ ಹೊರಗೆ ಬರುವುದು ಕಡಿಮೆ.

ಮೊನ್ನೆ ಪಕ್ಕದ ಬಡಾವಣೆಯವರು ಬಂದಿದ್ದರು. ಅವರಿಗೂ ಅನುದಾನ ಬೇಕಂತೆ, ಅರ್ಜಿ ಬರೆದುಕೊಡಬೇಕಂತೆ. ಬರೆದುಕೊಡುತ್ತೇನೆ, ಆದರೆ ಕೆಲಸ ಮುಗಿದ ಮೇಲೆ ಲೈನ್‌ಮನ್ ಕರೆಸಿ ಒಂದೊಂದು ಕಂಬವನ್ನೂ ತೋರಿಸದೆ ಯಾರೂ ಸಹಿ ಹಾಕಕೂಡದು ಎಂದೆ. ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟೆಲ್ಲ ಮಾಡಿಕೊಂಡು ಕೂತರೆ ಲೇಟಾಗುತ್ತದೆ ಮೇಡಂ ಎಂದು ಕಾಫಿ ಕುಡಿದು ಎದ್ದುಹೋದರು.

ನಿಮ್ಮನ್ನೂ ಕೇಳಿಬಿಡುತ್ತೇನೆ: ನೀವು ಕೊನೆಯ ಸಲ ಸಹಿ ಹಾಕಿದ ಕಾಗದದಲ್ಲಿ ಏನು ಬರೆದಿತ್ತು?