ಲಕ್ಷ್ಮಿಯ ಮುಂದಿಟ್ಟ ಕಂತು

ಆ ಶುಕ್ರವಾರ ನಮ್ಮ ನಡುಮನೆಯಲ್ಲಿ ನಾಲ್ಕು ಜನ ಇದ್ದೆವು. ಅವ್ವ, ನನ್ನ ಹೆಂಡತಿ, ಹೆಂಡತಿಯ ತಮ್ಮ, ನಾನು. ಲಕ್ಷ್ಮಿಯನ್ನೂ ಲೆಕ್ಕಕ್ಕೆ ಹಿಡಿದರೆ ಐದು. ಅವಳನ್ನು ಬಿಟ್ಟು ಈ ಕತೆ ಹೇಳಲಿಕ್ಕೆ ಬರುವುದಿಲ್ಲ. ಯಾಕೆಂದರೆ ಆವತ್ತು ವರಮಹಾಲಕ್ಷ್ಮಿ ಹಬ್ಬ, ಮತ್ತು ನಾವು ಕ್ರೆಡಿಟ್ ಕಾರ್ಡಿಗೆ ಕಟ್ಟಬೇಕಾಗಿದ್ದ ದುಡ್ಡು ಅವಳ ಮುಂದಿನ ಹಿತ್ತಾಳೆ ತಟ್ಟೆಯಲ್ಲಿತ್ತು.

ಅದನ್ನು ಅಲ್ಲಿಟ್ಟವಳು ಅವ್ವ. ಹೋಳಿಗೆಯ ಹೂರಣಕ್ಕೆ ಏಲಕ್ಕಿ ಹುಡುಕುತ್ತ ಅಡುಗೆಮನೆಯ ಮೇಲಿನ ಹಲಗೆಗೆ ಕೈ ಹಾಕಿದ್ದಾಳೆ, ನಾನು ಬಚ್ಚಿಟ್ಟ ಡಬ್ಬ ಸಿಕ್ಕಿದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೋಟುಗಳನ್ನು ಬೀಸಣಿಗೆ ಮಡಚಿದ ಹಾಗೆ ಮಡಚಿ, ನಡುವಿಗೆ ಅರಿಶಿನದ ದಾರ ಕಟ್ಟಿ, ಕಲಶದ ಮುಂದೆ ಇಟ್ಟುಬಿಟ್ಟಿದ್ದಳು.

"ಅಲ್ಲ ಮಗ, ಇಷ್ಟು ದುಡ್ಡು ಮನೇಲಿಟ್ಕೊಂಡು ಲಕ್ಷ್ಮಿ ಮುಂದೆ ಹತ್ತರ ನೋಟು ಇಡೋಕೆ ಹೊರಟಿದ್ದೆಯಲ್ಲ. ಅವಳಿಗೆ ಕಣ್ಣಿಲ್ಲ ಅಂದ್ಕಂಡ್ಯಾ?" ಅಂದಳು. ಬಹಳ ಖುಷಿಯಲ್ಲಿದ್ದಳು. ಆ ವರ್ಷ ಅವಳು ನಕ್ಕಿದ್ದನ್ನು ನಾನು ಕಂಡದ್ದು ಕಡಿಮೆ.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಹೋಳಿಗೆ ತಟ್ಟುವ ಕೈಯನ್ನು ಹಾಗೇ ನಿಲ್ಲಿಸಿದ್ದಳು. ಕಂತು ಕಟ್ಟಲಿಕ್ಕೆ ಅವತ್ತೇ ಕೊನೇ ದಿನ.

ಈಗ ಸ್ವಲ್ಪ ಹಿಂದೆ ಹೋಗಬೇಕು.

ಕೊಡ್ಲಿಪೇಟೆಯಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ. ಅಂಗಡಿಯ ಹಿಂದೆ ಬೀಜ ಹುರಿಯುವ ಡ್ರಮ್ಮು, ಪಕ್ಕಕ್ಕೆ ಪುಡಿ ಮಾಡುವ ಮಿಷನ್ನು. ಡ್ರಮ್ಮು ಅಪ್ಪ ತಂದದ್ದು. ಬೀಜ ಹದಕ್ಕೆ ಬರುವಾಗ ಒಳಗೆ ಅರಳು ಸಿಡಿದ ಹಾಗೆ ಚಟಚಟ ಅನ್ನುತ್ತದೆ. ಆ ಸದ್ದು ಕೇಳಿ ಇಳಿಸಬೇಕು, ಮೂಗನ್ನು ನಂಬಬೇಡ, ಮೂಗು ತಡವಾಗಿ ಹೇಳುತ್ತದೆ ಅಂತ ಅಪ್ಪ ಅನ್ನುತ್ತಿದ್ದ. ಸುತ್ತಲ ಎಸ್ಟೇಟುಗಳ ಲೆಕ್ಕ ಬರೆಯುವ ರೈಟರುಗಳು ಲೈನುಮನೆಗಳಲ್ಲಿರುವ ಆಳುಗಳಿಗೆ ವಾರವಾರ ಪುಡಿ ಒಯ್ಯುತ್ತಿದ್ದರು. ಶನಿವಾರಸಂತೆಯ ಕಡೆಯ ಹೋಟೆಲಿನವರು, ಮದುವೆ ಮನೆಯವರು, ನಾಲ್ಕಾರು ಹೋಂಸ್ಟೇಯವರು ನಮ್ಮ ಗಿರಾಕಿಗಳು. ಬದುಕು ನಡೆಯುತ್ತಿತ್ತು.

ಆಮೇಲೆ ಕಾಫಿಗೆ ರೇಟು ಬಂತು. ಹಾಗಂದರೆ ನಿಮಗೆ ಒಳ್ಳೆಯ ಸುದ್ದಿ ಅನ್ನಿಸುತ್ತದೆ. ತೋಟದವರಿಗೆ ಒಳ್ಳೆಯದೇ. ಮನೆಗಳಿಗೆ ಸುಣ್ಣಬಣ್ಣ ಆಯಿತು, ಜೀಪಿದ್ದ ಕೊಟ್ಟಿಗೆಗಳಿಗೆ ಹೊಸ ಕಾರು ಬಂತು, ನಿಂತುಹೋಗಿದ್ದ ಮದುವೆಗಳು ಕೂಡಿಬಂದವು. ಆದರೆ ಬೀಜ ಮಾರುವವರಿಗೆ ಬಂದ ರೇಟು ಬೀಜ ಕೊಳ್ಳುವ ನಮ್ಮ ಕುತ್ತಿಗೆಗೆ ಬಂತು. ಹಿಂದಿನ ವರ್ಷ ಎರಡು ಮೂಟೆಗೆ ಕೊಟ್ಟ ದುಡ್ಡಿಗೆ ಈಗ ಒಂದು ಮೂಟೆ. ಪುಡಿಯ ರೇಟು ಏರಿಸಿದರೆ ರೈಟರು ಚೀಟಿ ಹಿಂದಕ್ಕೆ ಕೊಟ್ಟು, "ಚಿಕೋರಿ ಜಾಸ್ತಿ ಹಾಕಿ ಹಳೇ ರೇಟಿಗೆ ಕೊಡಿ, ಲೈನಿನವರಿಗೆ ಏನು ಗೊತ್ತಾಗ್ತದೆ" ಅನ್ನುವರು. ಲೈನಿನವರು ಮೊದಲ ಗುಟುಕಿಗೇ ಉಗಿಯುವರು. ಊರೆಲ್ಲ ಕಾಫಿಯಿಂದ ಮೇಲೆದ್ದ ವರ್ಷ ಕಾಫಿಯಿಂದಲೇ ಮುಳುಗಿದ ಮನೆ ನಮ್ಮದು. ಹೇಳಿಕೊಂಡರೆ ನಗುತ್ತಿದ್ದರು. "ಕಾಫಿಯವರಾಗಿ ಕಷ್ಟ ಅಂತೀರಲ್ಲ ಸ್ವಾಮಿ" ಅಂತ.

ಬ್ಯಾಂಕಿನಲ್ಲಿ ನನಗೊಂದು ಓಡಿ ಇತ್ತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಒಂದು ಮಿತಿಯವರೆಗೆ ತೆಗೆದು ವ್ಯಾಪಾರಕ್ಕೆ ಬಳಸಬಹುದು, ಆಮೇಲೆ ತುಂಬಬೇಕು. ನಾನು ಮೂಟೆ ಕೊಳ್ಳಲಿಕ್ಕೆ ತೆಗೆದೆ, ತೆಗೆದೆ, ತುಂಬಲಿಲ್ಲ. ಮಿತಿ ಮುಟ್ಟಿತು, ದಾಟಿತು. ಓಡಿಗೆ ಆಧಾರ ಅಂತ ಬರೆದುಕೊಟ್ಟಿದ್ದು ಆ ಡ್ರಮ್ಮನ್ನು. ಮ್ಯಾನೇಜರು ಒಳ್ಳೆಯ ಮನುಷ್ಯ. "ಇದನ್ನ ಸರಿ ಮಾಡಿಕೊಳ್ಳಿ, ಇಲ್ಲಾಂದ್ರೆ ನನಗೇ ನಿಮ್ಮ ಡ್ರಮ್ಮಿನ ಮೇಲೆ ನೋಟೀಸು ಅಂಟಿಸೋ ಹಾಗಾಗ್ತದೆ" ಅಂದರು. ಡ್ರಮ್ಮು ಹೋದರೆ ನಮ್ಮ ಮನೆಯಲ್ಲಿ ಬೇರೆ ಕಸುಬು ಬಲ್ಲವರು ಯಾರೂ ಇಲ್ಲ.

ಆಗ ದಾರಿ ತೋರಿಸಿದವನು ಕುಶಾಲನಗರದಲ್ಲಿರುವ ನನ್ನ ಬಾಮೈದ, ಹೆಂಡತಿಯ ತಮ್ಮ. ಮೊಬೈಲು ಅಂಗಡಿಯಲ್ಲಿ ಕೂತು ಜನಕ್ಕೆ ಕಾರ್ಡು ಮಾಡಿಸಿಕೊಡುವ ಕೆಲಸವೂ ಅವನದು. ಮೊದಲು ಒಂದು ಕಾರ್ಡು ಮಾಡಿಸಿ, ಅದರ ಮೇಲೆ ಸಾಲ ತೆಗೆಸಿ, ಓಡಿಯನ್ನು ಮಿತಿಯೊಳಕ್ಕೆ ಇಳಿಸಿದ. ಮ್ಯಾನೇಜರು ಸಮಾಧಾನಗೊಂಡರು. ಆದರೆ ಆ ಕಾರ್ಡಿನ ಬಡ್ಡಿ ಬೆಂಕಿಯ ಹಾಗೆ. ಕೆಲವು ತಿಂಗಳಲ್ಲಿ ಅದೂ ಕುತ್ತಿಗೆಗೆ ಬಂದಾಗ ಎರಡನೇ ಕಾರ್ಡು ತಂದ.

"ಇದಕ್ಕೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತಾರೆ ಭಾವ. ಹಳೇ ಕಾರ್ಡಿನ ಸಾಲಾನ ಈ ಹೊಸ ಕಾರ್ಡು ತೀರಿಸ್ತದೆ. ನೀವು ಹೊಸಬರಿಗೆ ಸಾಲಗಾರ. ಆರು ತಿಂಗಳು ಬಡ್ಡಿ ಇಲ್ಲ."

"ಬಡ್ಡಿ ಇಲ್ದೆ ಯಾರಪ್ಪ ಕೊಡ್ತಾರೆ, ಅವರೇನು ನಮ್ಮ ಸೋದರಮಾವಂದಿರಾ?"

"ಷರತ್ತು ಇದೆ. ತಿಂಗಳು ತಿಂಗಳು ಕಂತು ಒಂದು ದಿನವೂ ತಪ್ಪಬಾರದು. ತಪ್ಪಿದ್ರೆ ಬಡ್ಡಿ ಮೊದಲಿಂದ ಹಾಕ್ತಾರೆ."

ಆರು ತಿಂಗಳು ಅಂದರೆ ವರ್ಷದ ಕೊನೆ. ಅಷ್ಟರಲ್ಲಿ ದಸರಾ ರಜೆಗೆ ಜನ ಬರುತ್ತಾರೆ, ಹೋಂಸ್ಟೇಯವರ ಹಳೇ ಬಾಕಿ ಬರುತ್ತದೆ, ತೋಟಗಳಲ್ಲಿ ಹಣ್ಣಿನ ಪಿಕ್ಕಿಂಗ್ ಶುರುವಾದರೆ ಬೀಜದ ರೇಟು ಒಂದಿಷ್ಟಾದರೂ ಇಳಿಯುತ್ತದೆ. ನಾನೂ ಹೆಂಡತಿಯೂ ಕೂತು ಹೀಗೆಲ್ಲ ಲೆಕ್ಕ ಹಾಕಿ ಸರಿ ಅಂದೆವು. ಅವ್ವನಿಗೆ ಹೇಳಲಿಲ್ಲ. ಅಪ್ಪನ ಕಾಲದಲ್ಲಿ ಸಾಲದವರು ಜಗಲಿಯಲ್ಲಿ ಕೂತದ್ದನ್ನು ಕಂಡವಳು, ಮತ್ತೆ ಅದು ಯಾಕೆ ಅಂತ. ಕಾರ್ಡು ಕಂಡಾಗ "ಇದೇನು, ಓಟು ಹಾಕೋದಾ?" ಅಂದಳು. ಹೂಂ ಅಂದುಬಿಟ್ಟೆ.

ಓಡಿ ಇದ್ದ ಖಾತೆಗೆ ಏನು ಹಾಕಿದರೂ ಅದು ನುಂಗಿಬಿಡುತ್ತಿತ್ತು. ಹಾಗಾಗಿ ಕಂತಿನ ದುಡ್ಡನ್ನು ಗಲ್ಲಾಪೆಟ್ಟಿಗೆಯಿಂದ ಕೂಡಿಹಾಕಿ ಬಾಮೈದನ ಕೈಗೆ ಕೊಡುವುದು, ಅವನು ತನ್ನ ಖಾತೆಗೆ ಹಾಕಿಕೊಂಡು ಫೋನಿನಿಂದ ಕಟ್ಟುವುದು. ಅವತ್ತು ಹಬ್ಬದೂಟಕ್ಕೆ ಬಂದವನು ಅದಕ್ಕಾಗಿಯೂ ಬಂದಿದ್ದ.

ಊಟ ಆಯಿತು. ಬಾಮೈದ ಎಲೆ ಅಡಿಕೆ ಮೆಲ್ಲುತ್ತ ತಟ್ಟೆಯ ಕಡೆ ಕಣ್ಣು ಹಾಯಿಸಿ, "ಅತ್ತೆ, ಆ ದುಡ್ಡು ನಂಗೆ ಬೇಕಿತ್ತು" ಅಂದ.

ಅವ್ವ ನಕ್ಕಳು. "ಹಬ್ಬಕ್ಕೆ ಬಂದೋನು ಲಕ್ಷ್ಮಿನೇ ಎತ್ಕೊಂಡು ಹೋಗ್ತೀನಿ ಅಂತೀಯಲ್ಲೋ. ಶುಕ್ರವಾರ ಮನೆಯಿಂದ ದುಡ್ಡು ಆಚೆ ಹೋಗಬಾರದು. ಅದೂ ಇವತ್ತು."

"ಕೈಯಿಂದ ಕೊಡೋದಲ್ಲ ಅತ್ತೆ, ಫೋನಿಂದ ಹೋಗ್ತದೆ."

"ಫೋನಿಂದ ಹೋದ್ರೆ ಲಕ್ಷ್ಮಿಗೆ ಗೊತ್ತಾಗಲ್ವಾ? ಅವಳ ಹತ್ರ ಫೋನಿಲ್ವಾ?"

"ನಿನ್ನ ಕೈಯಿಂದ ಹಾಕಿರೋ, ನಾಳೆ ಕೊಡ್ತೀವಿ" ಅಂತ ಹೆಂಡತಿ ತಮ್ಮನ ಕಿವಿಯಲ್ಲಿ ಅಂದಳು. "ನನ್ನ ಖಾತೇಲಿ ಪೆಟ್ರೋಲಿಗಷ್ಟೇ ಇದೆ ಅಕ್ಕ" ಅಂದ ಅವನು.

ನಾನು ಆಗ ಬಾಯಿ ಬಿಡಬೇಕಿತ್ತು, ಅಥವಾ ಸುಮ್ಮನೆ ಕೈಚಾಚಿ ತೆಗೆಯಬೇಕಿತ್ತು. ತಟ್ಟೆ ನನ್ನಿಂದ ಮೊಳ ದೂರ. ಆದರೆ ಕೈ ಹೋಗಲಿಲ್ಲ. ಶುಕ್ರವಾರ ಮಂಗಳವಾರ ದುಡ್ಡು ಕೊಡಬೇಡ, ದೀಪ ಹಚ್ಚಿದ ಮೇಲೆ ಕೊಡಬೇಡ ಅನ್ನುವುದು ಅವ್ವ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು. ಅಂಗಡಿಯಲ್ಲಿ ಇವತ್ತಿಗೂ ಮೂಟೆಯವರಿಗೆ ಬುಧವಾರವೇ ಬಟವಾಡೆ. ನಲವತ್ತು ದಾಟಿದ ಗಂಡಸಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ಒಳಗೆ ಆಗಲೇ ಸೋತವನಿಗೆ ಲಕ್ಷ್ಮಿಯ ಮುಂದಿನ ದುಡ್ಡು ಎತ್ತುವ ಧೈರ್ಯ ಎಲ್ಲಿಂದ ಬರಬೇಕು?

"ಇರಲಿ ಬಿಡಿ ಭಾವ," ಅಂದ ಬಾಮೈದ, ಅಂಗಳದಲ್ಲಿ ಬೈಕು ಹತ್ತುವಾಗ. "ಕೊನೇ ದಿನ ದಾಟಿದ ಮೇಲೂ ಮೂರು ದಿನ ಬಿಡ್ತಾರೆ. ನಾಳೆ ಬಸ್ಸಿಗೆ ಹಾಕಿ, ಕಂಡಕ್ಟರ್ ಕೈಲಿ ಇಸ್ಕೋತೀನಿ."

ಆ ರಾತ್ರಿ ಗಾಳಿ ಎದ್ದು ದಾರಿಯ ಮೇಲೆ ಮರಗಳು ಬಿದ್ದವು. ಶನಿವಾರ ಅವ್ವ ಕಲಶ ಕದಲಿಸಿ ದುಡ್ಡನ್ನು ಕಣ್ಣಿಗೊತ್ತಿ ಕೊಟ್ಟಳು, ಆದರೆ ಬಸ್ಸಿಲ್ಲ. ಕರೆಂಟಿಲ್ಲ, ಫೋನಿಗೆ ಟವರಿಲ್ಲ. ಭಾನುವಾರವೂ ಹಾಗೇ. ಮೂರನೇ ದಿನ, ಸೋಮವಾರ, ಬಸ್ಸು ಬರುತ್ತದೆಯೆಂದು ನಿಲ್ದಾಣದಲ್ಲಿ ಕಾದೆ, ಅಂಗಡಿಯ ಬಾಗಿಲು ಹಾಕಿ ಬಂದಿದ್ದೆ. ಮೊದಲ ಬಸ್ಸು ಬಂದಾಗ ಸಂಜೆಯಾಗಿ ಊರಿನ ಅಂಗಡಿಗಳಲ್ಲಿ ದೀಪ ಹಚ್ಚಿದ್ದರು. ಈ ಸಲ ನಾನು ದೀಪ ನೋಡಲಿಲ್ಲ, ಓಡಿದೆ. ಕಂಡಕ್ಟರ್ ತಲೆ ಅಲ್ಲಾಡಿಸಿದ. "ನಾವು ಇವತ್ತು ಇಲ್ಲೇ ಹಾಲ್ಟು ಸಾರ್. ಮುಂದಕ್ಕೆ ದಾರಿ ಕ್ಲಿಯರ್ ಆಗಿಲ್ಲ."

ಮಂಗಳವಾರ ಬೆಳಿಗ್ಗೆ ಎದ್ದಾಗ ದುಡ್ಡು ದಿಂಬಿನ ಕೆಳಗಿರಲಿಲ್ಲ. ಹೆಂಡತಿ ಸೆರಗಿನಲ್ಲಿ ಕಟ್ಟಿಕೊಂಡು, ಸೊಪ್ಪು ತರುತ್ತೇನೆ ಅಂತ ಅವ್ವನಿಗೆ ಹೇಳಿ, ದಾರಿ ತೆರವಾಗಿ ಹೊರಟ ಮೊದಲ ಬಸ್ಸಿಗೆ ತಾನೇ ಕುಶಾಲನಗರಕ್ಕೆ ಹೋಗಿದ್ದಳು. ಮಧ್ಯಾಹ್ನ ಸೊಪ್ಪಿಲ್ಲದೆ ಬಂದಳು. "ಕಟ್ಟಿಸಿ ಬಂದೆ" ಅಂದಳು. ಮಂಗಳವಾರ ಅಂತ ನಾನೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ.

ಎರಡು ದಿನ ಬಿಟ್ಟು ಮೆಸೇಜು ಬಂತು. ಇಂಗ್ಲಿಷಿನಲ್ಲಿತ್ತು, ಆದರೂ ಅರ್ಥವಾಯಿತು. ಕಂತು ತಡವಾದ್ದರಿಂದ ಬಡ್ಡಿಯ ವಿನಾಯಿತಿ ರದ್ದು, ಬಡ್ಡಿ ಮೊದಲ ದಿನದಿಂದ. ಅವರ ನಂಬರಿಗೆ ಫೋನು ಮಾಡಿದೆ. ಅದು ಒತ್ತು ಇದು ಒತ್ತು ಅಂದು ಕೊನೆಗೆ ಕನ್ನಡ ಮಾತಾಡುವ ಹುಡುಗಿಯೊಬ್ಬಳು ಸಿಕ್ಕಳು.

"ತಾಯಿ, ದುಡ್ಡು ಇತ್ತು. ಇಲ್ದೇ ಅಲ್ಲ. ಅವತ್ತು ವರಮಹಾಲಕ್ಷ್ಮಿ ಇತ್ತು, ಲಕ್ಷ್ಮಿ ಮುಂದಿಟ್ಟಿದ್ವಿ. ಆಮೇಲೆ ಮರ ಬಿತ್ತು."

"ನಮ್ಮನೇಲೂ ಹಬ್ಬ ಇತ್ತು ಸಾರ್. ನಮ್ಮಮ್ಮನೂ ಅವತ್ತು ದುಡ್ಡು ಮುಟ್ಟೋಕೆ ಬಿಡಲ್ಲ" ಅಂದಳು. ಆಮೇಲೆ ದನಿ ಬದಲಾಯಿಸಿ, "ಆದ್ರೆ ಸಿಸ್ಟಮ್ಮಲ್ಲಿ ತಗೊಳಲ್ಲ ಸಾರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?" ಅಂದಳು.

ಇನ್ನೇನು ಸಹಾಯ ಕೇಳಲಿ? ಇಲ್ಲಮ್ಮ ಅಂದೆ.

ಅಲ್ಲಿಂದ ಮುಂದಿನದು ಇಳಿಜಾರು. ಬಾಮೈದ ಮೂರನೇ ಕಾರ್ಡಿಗೆ ಓಡಾಡಿದ. ಕಂತು ತಪ್ಪಿದ ಸುದ್ದಿ ನನಗಿಂತ ಮೊದಲು ಎಲ್ಲ ಬ್ಯಾಂಕುಗಳಿಗೂ ತಲುಪಿತ್ತು. ಯಾರೂ ಕೊಡಲಿಲ್ಲ. ಕಾರ್ಡಿಗೆ ಕಟ್ಟಿದರೆ ಓಡಿ ಮಿತಿ ದಾಟುವುದು, ಓಡಿಗೆ ಹಾಕಿದರೆ ಕಾರ್ಡಿನವರು ಫೋನು ಮಾಡುವುದು. ಒಂದು ವಾರ ಹುರಿಯಲಿಕ್ಕೆ ಬೀಜವೇ ಇರಲಿಲ್ಲ. ಗಿರಾಕಿಗೆ ಖಾಲಿ ಅಂತ ಗೊತ್ತಾಗಬಾರದೆಂದು ಡ್ರಮ್ಮನ್ನು ಬರಿದೇ ತಿರುಗಿಸಿದೆ. ಬರಿ ಡ್ರಮ್ಮಿನ ಸದ್ದು ಬೇರೆ. ಅವ್ವ ಮನೆಯಿಂದಲೇ ಕೇಳಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಒಳಗೇನೂ ಇಲ್ವಲ್ಲೋ ಮಗ."

ಅವತ್ತು ಹೇಳಿದೆ. ಓಡಿ, ಕಾರ್ಡು, ಆ ಶುಕ್ರವಾರ, ಎಲ್ಲ. ಮಂಗಳವಾರ ಹೋದದ್ದನ್ನು, ಹಿಂದೆಯೇ ಬಂದ ಹೆಂಡತಿ ತಾನೇ ಹೇಳಿದಳು. ಅವ್ವ ಖಾಲಿ ಗೋಣಿಯ ಮೇಲೆ ಕೂತು ಕೇಳಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ" ಅಂದಳು. "ಲಕ್ಷ್ಮಿಗೆ ಕೈಮುಗಿದು ನಾನೇ ಎತ್ಕೊಡ್ತಿದ್ದೆ. ಅವಳೇನು ಬೇರೆಯೋಳಾ, ಮನೇಲಿ ಕಷ್ಟ ಇದೆ ಅಂದ್ರೆ ಬೇಡ ಅನ್ನೋಕೆ?"

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತೆ.

ಬ್ಯಾಂಕಿನವರು ನೋಟೀಸು ಅಂಟಿಸುವ ಮೊದಲು ಡ್ರಮ್ಮನ್ನು ನೀವೇ ಮಾರಿಕೊಂಡರೆ ನಾಲ್ಕು ಕಾಸು ಹೆಚ್ಚು ಬರುತ್ತದೆ, ನಾನು ಒಪ್ಪಿಗೆ ಪತ್ರ ಕೊಡುತ್ತೇನೆ ಅಂತ ಮ್ಯಾನೇಜರೇ ಹೇಳಿದರು. ಸಂಪಾಜೆಯಲ್ಲಿ ಮಂಗಳೂರು ರಸ್ತೆಗೆ ಹೋಟೆಲು ಇಟ್ಟವರೊಬ್ಬರು ಕೊಳ್ಳಲಿಕ್ಕೆ ಒಪ್ಪಿದರು. ಆಯುಧಪೂಜೆಗೆ ಡ್ರಮ್ಮಿಗೆ ಕೊನೆಯ ಸಲ ಚೆಂಡುಹೂವಿನ ಮಾಲೆ ಹಾಕಿದೆವು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೋಟೆಲಿನವರು ಪಿಕಪ್ಪು ತಂದರು. ಶುಕ್ರವಾರ. ಓಡಿಗೆ ಸಲ್ಲುವುದನ್ನು ಬ್ಯಾಂಕಿನಲ್ಲೇ ಕಟ್ಟಿ, ಉಳಿದದ್ದನ್ನು ಕೈಗೆ ಕೊಟ್ಟರು. ನಾಳೆ ಬನ್ನಿ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಇವತ್ತೇ ಎತ್ಕೊಳ್ಳಿ" ಅಂದಳು. ಆಳುಗಳು ಹಗ್ಗ ಬಿಗಿದು, ಟಾರ್ಪಾಲು ಹೊದಿಸಿ ಹೊರಟರು. ಅವ್ವ ನನ್ನ ಕೈಯಿಂದ ದುಡ್ಡು ಇಸಿದುಕೊಂಡು, ಎಣಿಸದೆ, ಡ್ರಮ್ಮು ಸಾಗಿಸಲಿಕ್ಕೆಂದು ಬಂದಿದ್ದ ಬಾಮೈದನ ಕೈಗೆ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಬ್ಯಾಂಕು ಮುಚ್ಚುವ ಮೊದಲು ಮುಟ್ಟಬೇಕೆಂದು ಬೈಕು ಹತ್ತಿದ. ಸಂಜೆ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಅವನ ಫೋನು ಬಂತು, ಕಾರ್ಡಿಗೆ ಕಟ್ಟಿದ್ದೇನೆ ಅಂತ.