ಅರವತ್ತೊಂದನ್ನು ಮತ್ತೆ ಬರೆದ ಕೈ

ಬೆಳಗಿನ ಐದೂವರೆ. ರೇಸ್ ಟ್ರ್ಯಾಕಿನ ಹಿಂದಿನ ಶೆಡ್ಡಿನಲ್ಲಿ ಕಾರುಗಳು ಇನ್ನೂ ಮುಸುಕು ಹೊದ್ದು ನಿಂತಿವೆ. ಒಂದೇ ಒಂದು ಕಾರಿನ ಬಳಿ ದೀಪ ಉರಿಯುತ್ತಿದೆ. ಅದರ ಬಾಗಿಲ ಮುಂದೆ ಗಿಡ್ಡ ಮಣೆಯ ಮೇಲೆ ಕುಳಿತ ಹೆಂಗಸೊಬ್ಬರು ಎಡಗೈಯಲ್ಲಿ ಕೋಲೊಂದನ್ನು ಅಡ್ಡ ಹಿಡಿದು, ಅದರ ಮೇಲೆ ಬಲಗೈ ಆನಿಸಿ, ಉಸಿರು ಬಿಗಿಹಿಡಿದು ಕುಂಚ ಎಳೆಯುತ್ತಿದ್ದಾರೆ. ನಮ್ಮ ಹೆಜ್ಜೆ ಸಪ್ಪಳಕ್ಕೆ ತಿರುಗಿಯೂ ನೋಡುವುದಿಲ್ಲ.

"ಆರು ಮುಗೀಲಿ, ಆಮೇಲೆ ಏನ್ ಬೇಕಾದ್ರೂ ಕೇಳಿ. ಆರರ ಹೊಟ್ಟೆ ಬರೀವಾಗ ನಾನು ನನ್ನ ಗಂಡನ ಮಾತಿಗೂ ಓಗೊಡಲ್ಲ."

ಶೆಡ್ಡಿನಲ್ಲಿ ಎಲ್ಲರಿಗೂ ಇವರು ನಂಬರಕ್ಕ. ವಯಸ್ಸು ಐವತ್ತು. ಅದರಲ್ಲಿ ಮೂವತ್ತೊಂದು ವರ್ಷ ಓಟದ ಕಾರುಗಳ ಮೇಲೆ ನಂಬರು ಬರೆಯುವುದರಲ್ಲೇ ಕಳೆದಿದೆ. ಕಾರಿಗೆ ಮೂರು ಕಡೆ ನಂಬರು: ಎರಡು ಬಾಗಿಲು, ಮೇಲಿನ ಮಾಡು. ಒಂದೊಂದಕ್ಕೂ ಇಪ್ಪತ್ತೈದು ನಿಮಿಷ, ಒಣಗಲು ನಾಲ್ಕು ಗಂಟೆ. ಅಳತೆಪಟ್ಟಿ ಮುಟ್ಟುವುದಿಲ್ಲ, ಅಂಕಿಯ ಎತ್ತರ ಒಂದು ಗೇಣು ನಾಲ್ಕು ಬೆರಳು, ಅಷ್ಟೇ ಲೆಕ್ಕ. ಒಂದು ಕಾಲಕ್ಕೆ ನಲವತ್ತು ಕಾರುಗಳೂ ಇವರ ಕೈಗೇ ಬರುತ್ತಿದ್ದವು. ಸ್ಟಿಕ್ಕರ್ ಬಂದ ಮೇಲೆ ಉಳಿದಿರುವುದು ಹದಿನೆಂಟು.

ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದವರು. ಏಣಿಯಿಂದ ಬಿದ್ದು ಅವರ ಬಲಗೈ ಕೆಲಸಕ್ಕೆ ಬಾರದಂತಾದಾಗ ಮಗಳಿಗೆ ಹತ್ತೊಂಬತ್ತು. ಅಪ್ಪ ಒಪ್ಪಿಕೊಂಡಿದ್ದ ರೇಸ್ ಕಾರಿನ ಕೆಲಸ ಮುಗಿಸಿಕೊಡಲು ಕುಂಚ, ಡಬ್ಬಿ ಹಿಡಿದು ಹೋದರೆ, ಗೇಟಿನವನು "ಯಾರಿಗಮ್ಮ ಊಟ ತಂದಿರೋದು?" ಎಂದು ಕೇಳಿದನಂತೆ. "ಡಬ್ಬಿ ಮುಚ್ಚಳ ತೆಗೆದು ತೋರಿಸ್ದೆ. ಕೆಂಪು ಬಣ್ಣ. ತಿಂತೀಯೇನಪ್ಪ ಅಂದೆ" ಎಂದು ನಂಬರಕ್ಕ ಈಗಲೂ ನಗುತ್ತಾರೆ. ಆಗಿನಿಂದ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ, ಬಣ್ಣದ ಘಾಟಿಗೆ ಮೂಗಿಗೆ ವಾಸನೆಯೇ ತಿಳಿಯದಂತಾಗಿದೆ. "ಸಾರು ಹಳಸಿದ್ರೂ ಇವಳಿಗೆ ಗೊತ್ತಾಗಲ್ಲ, ನನ್ನ ಗ್ರಹಚಾರ" ಎನ್ನುವುದು ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವ ಗಂಡನ ದೂರು.

ನಂಬರಕ್ಕನ ಹೆಸರು ಯಾರಿಗೂ ತಿಳಿಯದಿದ್ದರೂ ಅವರು ಬರೆದ ಒಂದು ಅಂಕಿಯನ್ನು ಕಾಣದವರಿಲ್ಲ. ಅದು ಅರವತ್ತೊಂದು. ಅಭಿಮಾನಿಗಳು 'ಗಾಳಿಯಣ್ಣ' ಎಂದು ಕರೆಯುತ್ತಿದ್ದ ಚಾಲಕನ ನಂಬರು. ಮುಂದಕ್ಕೆ ವಾಲಿಕೊಂಡು ಓಡಲು ಹವಣಿಸುವಂತಿದ್ದ ಆ ಅಂಕಿ ಜನರ ಟೋಪಿ, ಅಂಗಿ, ಅಂಗಡಿ ಬಾಗಿಲುಗಳ ಮೇಲೆಲ್ಲ ಇದೆ. ಎಷ್ಟೋ ಜನರ ತೋಳಿನ ಮೇಲೆ ಹಚ್ಚೆಯಾಗಿಯೂ ಇದೆ.

"ಅದು ನನ್ನ ತಪ್ಪು" ಎನ್ನುತ್ತಾರೆ ನಂಬರಕ್ಕ. "ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅವತ್ತು ಮುಂದಿನ ಚಕ್ರ ಬಿಚ್ಚಿ ಕಾರನ್ನ ಜಾಕ್ ಮೇಲೆ ನಿಲ್ಸಿದ್ರು. ಅವಸರದಲ್ಲಿ ನಾನು ನೆಲ ನೋಡ್ಕೊಂಡು ನೆಟ್ಟಗೆ ಬರೆದೆ. ಜಾಕ್ ಇಳಿಸಿದ್ರೆ ನಂಬರು ವಾಲ್ಕೊಂಡಿದೆ! ಅಳು ಬಂತು. ಅವನು ನೋಡಿ, ನನಗಿಂತ ಇದಕ್ಕೇ ಅವಸರ ಜಾಸ್ತಿ ಇದೆ ಬಿಡಕ್ಕ, ಹೀಗೇ ಇರ್ಲಿ ಅಂದ. ಅವತ್ತು ಗೆದ್ದ. ಆಮೇಲೆ ಹದಿಮೂರು ವರ್ಷ ಬೇಕಂತಲೇ ವಾಲಿಸಿ ಬರೆದೆ."

ಒಂಬತ್ತು ವರ್ಷದ ಹಿಂದೆ ಕೊನೆಯ ತಿರುವಿನಲ್ಲಿ ಗಾಳಿಯಣ್ಣನ ಕಾರು ಗೋಡೆಗೆ ಬಡಿಯಿತು. ಅವನು ಉಳಿಯಲಿಲ್ಲ. ತಂಡದ ಯಜಮಾನರು ಅವನ ಹಳೆಯ ಕಾರೊಂದನ್ನು ಗಾಜಿನ ಕೋಣೆಯಲ್ಲಿ ನಿಲ್ಲಿಸಿದರು. ಆ ನಂಬರನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ಆದರೆ ಹತ್ತು ವರ್ಷ ಬಳಸದ ನಂಬರು ಬೇರೆ ತಂಡದ ಪಾಲಾಗಬಹುದೆಂಬ ನಿಯಮವಿದೆ. ಅದಕ್ಕಾಗಿ ಯಜಮಾನರು ಈ ವರ್ಷ ಅರವತ್ತೊಂದನ್ನು ಚಾಲಕಿಯಾಗಿ ಹೊಸದಾಗಿ ಸೇರಿದ ಇಪ್ಪತ್ತಮೂರು ವರ್ಷದ ಹುಡುಗಿಗೆ ಕೊಟ್ಟರು. ಸುದ್ದಿ ಹೊರಬಿದ್ದದ್ದೇ ತಡ, ಅಭಿಮಾನಿಗಳು ಕೆಂಡವಾದರು. ಗಾಳಿಯಣ್ಣನ ಒಂದು ಓಟವನ್ನೂ ತಪ್ಪಿಸದಿದ್ದ ನಿವೃತ್ತ ಬಸ್ ಡ್ರೈವರೊಬ್ಬರು ನೇರ ನಂಬರಕ್ಕನ ಮನೆಗೇ ಬಂದರು.

"ನೀವು ಬರೆಯಲ್ಲ ಅಂದ್ಬಿಡಿ ಅಕ್ಕ. ಬೇರೆಯವರು ಆ ನಂಬರಲ್ಲಿ ಓಡ್ಸೋದನ್ನ ನೋಡೋಕೆ ನಮ್ಮ ಕೈಲಿ ಆಗಲ್ಲ."

ನಂಬರಕ್ಕ ಎರಡು ದಿನ ಕುಂಚ ಮುಟ್ಟಲಿಲ್ಲ. ಸಿಕ್ಕಸಿಕ್ಕವರನ್ನೆಲ್ಲ ಏನು ಮಾಡಲಿ ಎಂದು ಕೇಳಿದರು. ಕೊನೆಗೆ ಗಂಡನೇ ಹೊಲಿಗೆ ಯಂತ್ರ ನಿಲ್ಲಿಸಿ, "ಕೇಳ್ಬೇಕಾದವರನ್ನ ಬಿಟ್ಟು ಊರನ್ನೆಲ್ಲ ಕೇಳ್ತಿದೀಯಲ್ಲೇ" ಎಂದರು.

ನಂಬರಕ್ಕ ಅಂದೇ ಗಾಳಿಯಣ್ಣನ ತಾಯಿಯ ಮನೆಗೆ ಹೋದರು. ಮೂರನೇ ಮಹಡಿಯ ಸಣ್ಣ ಮನೆ. ಎಂಬತ್ತು ದಾಟಿದ ತಾಯಿ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದರು. ವಿಷಯ ಕೇಳುತ್ತಲೇ ಕೈಯಲ್ಲಿದ್ದ ಸೀರೆಯನ್ನು ಮಡಿಸಿ ಮುಗಿಸಿದರು.

"ಒಂದು ಗಳಿಗೆ ಸುಮ್ನೆ ಕೂರದವನು ಅವನು. ಅವನ ನಂಬರನ್ನ ಒಂಬತ್ತು ವರ್ಷ ಗಾಜಿನೊಳಗೆ ಕೂರಿಸಿದಾರೆ. ಓಡ್ಲಿ ಬಿಡು ತಾಯಿ" ಎಂದರು. ಆಮೇಲೆ ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸುತ್ತ ಹೇಳಿದರು: "ಆದ್ರೆ ದೂರದಿಂದ ನೋಡ್ದಾಗ ಅವನೇ ಬಂದ ಅಂತ ನನಗೆ ಅನ್ನಿಸ್ಬಾರದು. ಅದನ್ನ ತಡ್ಕೊಳ್ಳೋ ಶಕ್ತಿ ನನಗಿಲ್ಲ."

ನಂಬರಕ್ಕನಿಗೆ ದಾರಿ ಕಂಡಿತು. ಆದರೆ ಯಜಮಾನರಿಗೆ ವಾಲಿದ ಅರವತ್ತೊಂದೇ ಬೇಕಿತ್ತು. ಹೊಸ ಟೋಪಿಗಳೂ ಅಚ್ಚಾಗಿ ಬಂದಿದ್ದವು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಂಬರಕ್ಕ ಅವರಿಗೆ ಎದುರಾಡಿದರು. "ವಾಲಿದ್ದೇ ಬೇಕಂದ್ರೆ ಸ್ಟಿಕ್ಕರ್ ಅಂಟಿಸ್ಕೊಳ್ಳಿ. ನನ್ನ ಕೈಯಿಂದ ಅದು ಬರಲ್ಲ" ಎಂದು ಡಬ್ಬಿ ಮುಚ್ಚಿದರು. ತಾಯಿಯ ಮಾತನ್ನೂ ಹೇಳಿದರು. ಯಜಮಾನರು ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿ, "ನಿಮ್ಮಿಷ್ಟದಂತೆ ಬರೀರಿ" ಎಂದು ಹೊರಟುಹೋದರು.

ಓಟದ ದಿನ ಬೆಳಿಗ್ಗೆ ಹುಡುಗಿ ಶೆಡ್ಡಿಗೆ ಬಂದಾಗ ಬಾಗಿಲ ಮೇಲೆ ಅರವತ್ತೊಂದು ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಅವಳ ಕಣ್ಣುಗಳು ಊದಿಕೊಂಡಿದ್ದವು. "ಆಂಟಿ, ನಾನು ಅಳಿಸಿ ಅಂದ್ರೆ ಅಳಿಸ್ತೀರಾ? ಜನ ನನ್ನನ್ನ ಕಳ್ಳಿ ಅಂತಿದಾರೆ."

"ಕದಿಯೋಕೆ ಅವನದು ಇಲ್ಲಿದ್ರೆ ತಾನೇ? ಇದು ನಿನಗೇ ಅಂತ ಬರ್ದಿದ್ದು. ಸರಿಯಾಗಿ ನೋಡು" ಎಂದರು ನಂಬರಕ್ಕ. ಹುಡುಗಿ ಕೈಚಾಚಿದಳು. "ಹೇ, ನೋಡು ಅಂದೆ, ಮುಟ್ಟು ಅಂದ್ನಾ? ಇನ್ನೂ ಹಸಿ ಇದೆ!" ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು.

ಅಂದು ಗ್ಯಾಲರಿಯಲ್ಲಿ ನೂರಾರು ಜನ ಬೆನ್ನು ತಿರುಗಿಸಿ ನಿಂತರು. ಬಸ್ ಡ್ರೈವರೂ ಅವರಲ್ಲೊಬ್ಬರು. ಮೂರನೇ ಸುತ್ತಿನಲ್ಲಿ ಪಕ್ಕದವನು "ಇದು ನಮ್ಮ ಅಣ್ಣಂದಲ್ಲ ಕಣ್ರೋ, ನೆಟ್ಟಗಿದೆ!" ಎಂದು ಕೂಗಿದಾಗ ತಿರುಗಿ ನೋಡಿದರು. ಓಟ ಮುಗಿದ ಮೇಲೆ ಬೇಲಿಯ ಬಳಿ ನಂಬರಕ್ಕನನ್ನು ಹುಡುಕಿ ಬಂದು, "ನೋಡಿ ಸಂಕಟ ಆಯ್ತು ಅಕ್ಕ, ಸುಳ್ಳು ಹೇಳಲ್ಲ. ಆದ್ರೆ ಹೊಟ್ಟೆ ಉರೀಲಿಲ್ಲ. ಅಣ್ಣಂದು ಅಣ್ಣಂಗೇ ಉಳೀತು" ಎಂದು ಕಣ್ಣೊರೆಸಿಕೊಂಡರು. ಎಲ್ಲರೂ ಹೀಗೆ ಕರಗಿಲ್ಲ. ಕೆಲವರು ಆಮೇಲೆ ಗ್ಯಾಲರಿಗೆ ಕಾಲಿಟ್ಟಿಲ್ಲ. ಅವರ ಮೇಲೆ ನಂಬರಕ್ಕನಿಗೆ ಕೋಪವಿಲ್ಲ: "ಪ್ರೀತಿ ಇದ್ದಿದ್ದಕ್ಕೆ ತಾನೇ ಮುನಿಸು?"

ಹುಡುಗಿ ಅಂದು ಬಂದದ್ದು ಹನ್ನೊಂದನೆಯವಳಾಗಿ. ಟಿವಿಯಲ್ಲಿ ಓಟ ನೋಡಿದ ಗಾಳಿಯಣ್ಣನ ತಾಯಿ ಸಂಜೆ ಫೋನ್ ಮಾಡಿ, "ಎರಡನೇ ತಿರುವಲ್ಲಿ ಆ ಮಗು ಬ್ರೇಕ್ ಒತ್ತೋದು ತಡ ಆಗ್ತಿದೆ, ಹೇಳು ಅವಳಿಗೆ" ಎಂದರಂತೆ. ಈಗ ಪ್ರತಿ ಓಟದ ಸಂಜೆಯೂ ಆ ಫೋನು ತಪ್ಪುವುದಿಲ್ಲ.

ಹೊರಗೆ ಬಿಸಿಲೇರಿದೆ. ಸೀಮೆಎಣ್ಣೆಯಲ್ಲಿ ಕುಂಚ ತೊಳೆಯುತ್ತಿರುವ ನಂಬರಕ್ಕನನ್ನು ಆಸೆ ಏನಾದರೂ ಉಳಿದಿದೆಯೇ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ.

"ಇಷ್ಟು ವರ್ಷದಲ್ಲಿ ಒಂದು ರೇಸನ್ನೂ ಪೂರ್ತಿ ನೋಡಿಲ್ಲ. ಒಂದು ಸಲ ಮೇಲೆ ಗ್ಯಾಲರೀಲಿ ಕೂತ್ಕೊಂಡು ನೋಡ್ಬೇಕು. ಗೆದ್ದವನನ್ನಲ್ಲ, ಎಲ್ಲರಿಗಿಂತ ಹಿಂದೆ ಬರೋ ಕಾರನ್ನ." ಕುಂಚದ ಕೂದಲನ್ನು ಬೆರಳಲ್ಲಿ ನೇವರಿಸಿ ಚೂಪು ಮಾಡುತ್ತಾರೆ. "ಮುಂದಿರೋನ ನಂಬರು ಎಲ್ರೂ ಓದ್ತಾರೆ. ಕೊನೇಲಿ ಬರೋನದನ್ನೂ ನಾನು ಅಷ್ಟೇ ಚೆನ್ನಾಗಿ ಬರ್ದಿರ್ತೀನಿ."